ಕುಟುಂಬದ ಮರವನ್ನು ಝೂಮ್ ಮಾಡಿ ನೋಡಿದಾಗ

ನಮ್ಮ ಮಂಜೇಶ್ವರದ ಕಡೆ ಈಗ ಕುಟುಂಬ ಸಂಗಮ ಎಂಬುದು ಒಂದು ಸಣ್ಣ ಹಬ್ಬದ ಹಾಗೆ ಆಗಿದೆ. ಪೆರ್ನಾಲ್ ಕಳೆದ ವಾರದಲ್ಲೋ, ಗಲ್ಫಿನಲ್ಲಿರುವವರು ರಜೆಗೆ ಬಂದಾಗಲೋ ಒಂದು ಹಾಲ್ ಹಿಡಿದು ಎಲ್ಲರೂ ಸೇರುತ್ತೇವೆ. ಬಿರಿಯಾನಿ ಉಂಟು, ಮಕ್ಕಳ ಆಟ ಉಂಟು, ಹಿರಿಯರಿಗೆ ಶಾಲು ಉಂಟು. ಗೋಡೆಯಲ್ಲಿ ಒಂದು ದೊಡ್ಡ ಫ್ಲೆಕ್ಸ್. ಅದರಲ್ಲಿ ಕುಟುಂಬದ ಮರ. ಮೇಲೆ ಮುತ್ತಜ್ಜನ ಹೆಸರು, ಕೆಳಗೆ ಕವಲೊಡೆಯುತ್ತಾ ಬಂದ ಮಕ್ಕಳು, ಮೊಮ್ಮಕ್ಕಳು. ಬಂದವರೆಲ್ಲ ಮೊದಲು ಮಾಡುವ ಕೆಲಸ ಅದರ ಎದುರು ನಿಂತು ತಮ್ಮ ಹೆಸರು ಹುಡುಕುವುದು.

ನನ್ನ ಉಮ್ಮನ ಕಡೆಯ ಕುಟುಂಬದ ಮರವನ್ನು ಬಿಡಿಸುವ ಕೆಲಸ ನನಗೂ ನನ್ನ ಅಕ್ಕನ ಮಗಳಿಗೂ ಬಂತು. 6 ಅಡಿ ಅಗಲ, 4 ಅಡಿ ಎತ್ತರದ ಹಾಳೆ. 300ಕ್ಕೂ ಹೆಚ್ಚು ಹೆಸರುಗಳು. ಪ್ರತಿ ಹೆಸರೂ ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿ. ಯಾಕೆ ಎರಡು ಲಿಪಿ ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ತಲಪಾಡಿಯ ಆಚೆ ಇದ್ದ ಸಂಬಂಧಿಕರು ಇನ್ನೊಂದು ರಾಜ್ಯದವರಾದರು. ಮನೆಯಲ್ಲಿ ಎಲ್ಲರೂ ಮಾತಾಡುವುದು ಬ್ಯಾರಿಯೇ. ಓದುವಾಗ ಮಾತ್ರ ಉಳ್ಳಾಲದ ಮಕ್ಕಳಿಗೆ ಕನ್ನಡ ಬೇಕು, ಕಾಸರಗೋಡಿನ ಕಡೆಗೆ ಮದುವೆಯಾಗಿ ಹೋದವರ ಮಕ್ಕಳಿಗೆ ಮಲಯಾಳ ಬೇಕು.

ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಕೋರೆಲ್‌ಡ್ರಾ ಬಳಸುತ್ತಾರೆ. ನಾವು ಮನೆಯಲ್ಲೇ ಮಾಡುವುದೆಂದು ಇಂಕ್‌ಸ್ಕೇಪ್ ಹಾಕಿಕೊಂಡೆವು. ಅದು 2003ರಿಂದ ಇರುವ, ಹಣ ಕೊಡದೆ ಸಿಗುವ ಸಾಫ್ಟ್‌ವೇರ್. ಎರಡೂ ವೆಕ್ಟರ್ ಚಿತ್ರದವು. ವೆಕ್ಟರ್ ಎಂದರೇನು ಎಂದು ಅಕ್ಕನ ಮಗಳು ಕೇಳಿದಾಗ ನಾನು ವಾಟ್ಸಾಪಿನ ಉದಾಹರಣೆ ಕೊಟ್ಟೆ. ದುಬೈಯಿಂದ ಯಾರೋ ಮಗುವಿನ ಫೋಟೋ ಕಳಿಸುತ್ತಾರೆ. ಉಮ್ಮಾಮ ಎರಡು ಬೆರಳಿಟ್ಟು ಅಗಲ ಮಾಡುತ್ತಾರೆ. ಒಂದು ಹಂತದವರೆಗೆ ಮುಖ ಕಾಣುತ್ತದೆ, ಮತ್ತೆ ಬರೀ ಚೌಕ ಚೌಕ. ಯಾಕೆಂದರೆ ಫೋಟೋದಲ್ಲಿರುವುದು ಇಂತಿಷ್ಟೇ ಎಂದು ಎಣಿಸಿಟ್ಟ ಬಣ್ಣದ ಚುಕ್ಕಿಗಳು. ವೆಕ್ಟರ್ ಚಿತ್ರದಲ್ಲಿ ಚುಕ್ಕಿಗಳಿಲ್ಲ, ಗೆರೆ ಎಲ್ಲಿಂದ ಹೊರಟು ಹೇಗೆ ಬಾಗಿ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಇರುತ್ತದೆ. ಪ್ರತಿ ಸಲ ಹತ್ತಿರ ಹೋದಾಗಲೂ ಕಂಪ್ಯೂಟರ್ ಆ ಲೆಕ್ಕದಿಂದ ಹೊಸದಾಗಿ ಬಿಡಿಸಿ ತೋರಿಸುತ್ತದೆ. ಆದ್ದರಿಂದ ಎಷ್ಟು ಹತ್ತಿರ ಹೋದರೂ ಅಂಚು ಒಡೆಯುವುದಿಲ್ಲ.

ಈ ಕೆಲಸದಲ್ಲಿ ಗೆರೆ ಎಳೆಯುವುದು, ಬಣ್ಣ ತುಂಬುವುದು ದೊಡ್ಡ ಸಂಗತಿಯೇ ಆಗಲಿಲ್ಲ. ಹೆಚ್ಚು ಸಮಯ ಹೋದದ್ದು ಆ 6 ಅಡಿ ಹಾಳೆಯೊಳಗೆ ಓಡಾಡುವುದರಲ್ಲಿ. ಲ್ಯಾಪ್‌ಟಾಪಿನ ಪರದೆ ಒಂದು ಅಡಿ ಅಗಲ. ನಿಜವಾದ ಅಳತೆಯಲ್ಲಿ ನೋಡಿದರೆ ಹಾಳೆಯ ಅಗಲದಲ್ಲಿ ಆರರಲ್ಲಿ ಒಂದು ಪಾಲೂ ಸರಿಯಾಗಿ ಕಾಣುವುದಿಲ್ಲ. ಪೂರ್ತಿ ಹಾಳೆ ಕಾಣಬೇಕೆಂದರೆ ಝೂಮ್ ಸುಮಾರು 12%ಕ್ಕೆ ಇಳಿಯುತ್ತದೆ. 8 ಮಿಲಿಮೀಟರ್ ಎತ್ತರದ ಅಕ್ಷರ ಆಗ 1 ಮಿಲಿಮೀಟರ್. ಮರ ಕಾಣುತ್ತದೆ, ಹೆಸರು ಕಾಣುವುದಿಲ್ಲ.

ಇದು ಹೊಸ ತೊಂದರೆಯಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ಎಂಬ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೇ ಗೆರೆ ಎಳೆಯಬಹುದಾಗಿತ್ತು. ಅವರ ಚಿತ್ರದ ಜಾಗ 7 ಅಂಗುಲದ ಚೌಕ. ಅದನ್ನು ಅವರು ಒಂದು ಕಿಟಕಿ ಎಂದು ಭಾವಿಸಿದರು. ಕಿಟಕಿಯ ಹಿಂದೆ ಸುಮಾರು ಕಾಲು ಮೈಲಿ ಅಗಲದ ಕಾಗದ ಹಾಸಿದೆ, ಕಿಟಕಿಯನ್ನು ಅದರ ಮೇಲೆ ಎಲ್ಲಿಗೆ ಬೇಕಾದರೂ ಸರಿಸಬಹುದು, ಹತ್ತಿರ ತರಬಹುದು, ದೂರ ಒಯ್ಯಬಹುದು. ಕಾಲು ಮೈಲಿ ಎಂದರೆ 400 ಮೀಟರ್. ಇವತ್ತು ನಾವು ಮೌಸಿನ ಚಕ್ರ ತಿರುಗಿಸಿ ಮಾಡುವುದೂ ಅದನ್ನೇ. ಕಿಟಕಿ ಚಲಿಸುತ್ತದೆ, ಕಾಗದ ಇದ್ದಲ್ಲೇ ಇರುತ್ತದೆ.

ಇಷ್ಟು ಮನಸ್ಸಿಗೆ ಬಂದರೆ ಅರ್ಧ ಹೆದರಿಕೆ ಹೋಗುತ್ತದೆ. ಅಕ್ಕನ ಮಗಳು ಮೊದಲ ದಿನ ಚಕ್ರ ತಿರುಗಿಸುತ್ತಾ ಎಲ್ಲಿಗೋ ಹೋಗಿಬಿಟ್ಟಳು. ಪರದೆ ಪೂರ್ತಿ ಬಿಳಿ. "ಮಾಮಾ, ಎಲ್ಲ ಹೋಯ್ತು!" ಎಂದು ಕಿರುಚಿದಳು. ಏನೂ ಹೋಗಿರಲಿಲ್ಲ. ಹಾಳೆಯ ಹೊರಗಿನ ಖಾಲಿ ಜಾಗದ ಎದುರು ಅವಳ ಕಿಟಕಿ ನಿಂತಿತ್ತು, ಅಷ್ಟೇ. ಕೀಲಿಮಣೆಯಲ್ಲಿ 5 ಒತ್ತು ಎಂದೆ. ಇಡೀ ಹಾಳೆ ಕಣ್ಣೆದುರು ಬಂತು.

ಮನೆಯಲ್ಲೇ ಇಂಥ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ನಮಗೆ ದಿನವೂ ಬೇಕಾದ ಕೀಲಿಗಳನ್ನು ಇಲ್ಲಿ ಹೇಳುತ್ತೇನೆ. ಇಂಕ್‌ಸ್ಕೇಪಿನಲ್ಲಿ 5 ಒತ್ತಿದರೆ ಪೂರ್ತಿ ಹಾಳೆ, 4 ಒತ್ತಿದರೆ ಬಿಡಿಸಿದ್ದೆಲ್ಲವೂ, 3 ಒತ್ತಿದರೆ ನಾವು ಆಯ್ದುಕೊಂಡ ಭಾಗ ಮಾತ್ರ ಪರದೆ ತುಂಬ ಬರುತ್ತದೆ. 1 ಒತ್ತಿದರೆ 100%. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಬಾಣದ ಗುರುತು ಎಲ್ಲಿದೆಯೋ ಅಲ್ಲಿಗೇ ಹತ್ತಿರ ಹೋಗುತ್ತದೆ, ಅಲ್ಲಿಂದಲೇ ದೂರ ಬರುತ್ತದೆ. ಚಕ್ರವನ್ನೇ ಗುಂಡಿಯಂತೆ ಒತ್ತಿ ಹಿಡಿದು ಎಳೆದರೆ ಮೇಜಿನ ಮೇಲಿನ ಕಾಗದವನ್ನು ಅಂಗೈಯಲ್ಲಿ ಜಾರಿಸಿದ ಹಾಗೆ ಹಾಳೆ ಸರಿಯುತ್ತದೆ. ಕಂಟ್ರೋಲಿನ ಜೊತೆ ಬಾಣದ ಕೀಲಿಗಳನ್ನು ಒತ್ತಿಯೂ ಸರಿಸಬಹುದು. ಕೋರೆಲ್‌ಡ್ರಾ ಇದ್ದವರಿಗೆ ಎಫ್4 ಎಂದರೆ ಬಿಡಿಸಿದ್ದೆಲ್ಲವೂ, ಶಿಫ್ಟ್ ಎಫ್4 ಎಂದರೆ ಹಾಳೆ, ಶಿಫ್ಟ್ ಎಫ್2 ಎಂದರೆ ಆಯ್ದುಕೊಂಡದ್ದು.

ಒಂದು ಎಚ್ಚರಿಕೆ. ಹೆಸರು ಟೈಪ್ ಮಾಡುತ್ತಾ ಕರ್ಸರ್ ಮಿನುಗುತ್ತಿರುವಾಗ 3 ಒತ್ತಿದರೆ ಹೆಸರಿನೊಳಗೇ 3 ಬಂದು ಕೂರುತ್ತದೆ. ಮೊದಲು ಎಫ್1 ಒತ್ತಿ ಬಾಣದ ಸಲಕರಣೆಗೆ ಬಂದು ಆಮೇಲೆ ಅಂಕಿ ಒತ್ತಬೇಕು. ಕಂಟ್ರೋಲ್ ಜೊತೆ ಶಿಫ್ಟನ್ನೂ ಹಿಡಿದು ಚಕ್ರ ತಿರುಗಿಸಿದರೆ ಹಾಳೆಯೇ ವಾರೆಯಾಗಿ ತಿರುಗುತ್ತದೆ. ಅದೂ ಕಿಟಕಿಯ ಆಟವೇ, ಹೆದರಬೇಡಿ. ಕೆಳಗೆ ಬಲಮೂಲೆಯಲ್ಲಿ ಝೂಮಿನ ಪಕ್ಕ ತಿರುವಿನ ಡಿಗ್ರಿ ತೋರಿಸುತ್ತದೆ, ಅದನ್ನು 0 ಮಾಡಿದರೆ ನೆಟ್ಟಗಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಕೀಲಿ ಎಸ್ಕೇಪಿನ ಕೆಳಗೆ, 1ರ ಎಡಕ್ಕೆ ಇರುವುದು. ಅದನ್ನು ಒತ್ತಿದರೆ ಇದಕ್ಕೆ ಮೊದಲು ನಾವು ಎಲ್ಲಿ, ಎಷ್ಟು ದೂರದಲ್ಲಿ ನಿಂತಿದ್ದೆವೋ ಅಲ್ಲಿಗೇ ವಾಪಸು ಕರೆದುಕೊಂಡು ಹೋಗುತ್ತದೆ. ಮತ್ತೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದಕ್ಕೆ. ಶಿಫ್ಟ್ ಜೊತೆ ಒತ್ತಿದರೆ ಮುಂದಕ್ಕೆ. ಉಳ್ಳಾಲದ ಕವಲಿನಲ್ಲಿ ಒಂದು ಹೆಸರು ತಿದ್ದುತ್ತಿರುವಾಗ ಮಂಜೇಶ್ವರದ ಕವಲಿನಲ್ಲಿ ಅದೇ ಹೆಸರನ್ನು ಹೇಗೆ ಬರೆದಿದ್ದೇವೆ ಎಂದು ನೋಡಬೇಕಾಗುತ್ತದೆ. ಹೋಗಿ ನೋಡಿ, ಒಂದು ಕೀಲಿ ಒತ್ತಿ, ಬಿಟ್ಟ ಕೆಲಸಕ್ಕೆ ಮರಳಬಹುದು.

ನಮ್ಮ ಹೆಸರುಗಳಿಗೆ ಈ ಓಡಾಟ ಬಹಳ ಬೇಕು. ಕುಂಞಿ ಎಂಬುದನ್ನೇ ನೋಡಿ. ದೂರದಿಂದ ಆ ಞ ಅಕ್ಷರ ಒಂದು ಮಸಿಯ ಬೊಟ್ಟಿನ ಹಾಗೆ. ಎಷ್ಟೋ ಮದುವೆ ಕಾಗದಗಳಲ್ಲಿ ಅದು ಕುಂಇ ಆಗಿಯೋ ಕುಂಜಿ ಆಗಿಯೋ ಅಚ್ಚಾಗಿ ಬಂದದ್ದನ್ನು ನೋಡಿದ್ದೇನೆ. ಮೊಯ್ದಿನಬ್ಬದ ಬ್ಬ, ಬೀಫಾತಿಮದ ಫ ಇವನ್ನೆಲ್ಲ 200%ಕ್ಕೆ ಹೋಗಿ ನೋಡದೆ ಸರಿ ಎಂದು ಹೇಳುವ ಹಾಗಿಲ್ಲ. ಮೇಲಾಗಿ ಶಾಲೆಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು. ಯಾವುದನ್ನು ಬರೆಯುವುದು ಎಂಬ ಚರ್ಚೆಯೇ ಒಂದು ಸಂಜೆ ನಡೆಯಿತು.

ದೂರ ನಿಂತು ಕೈ ಹಾಕಬಾರದು ಎಂಬುದನ್ನೂ ಈ ಕೆಲಸ ಕಲಿಸಿತು. ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಆಯ್ದುಕೊಂಡದ್ದು ಪರದೆಯ ಒಂದು ಚುಕ್ಕಿಯಷ್ಟು ಸರಿಯುತ್ತದೆ. ಆ ಒಂದು ಚುಕ್ಕಿ ನಿಜವಾದ ಹಾಳೆಯಲ್ಲಿ ಎಷ್ಟು ಎಂಬುದು ನಾವು ನಿಂತ ದೂರಕ್ಕೆ ಸೇರಿದ್ದು. 12%ರಲ್ಲಿ ಸಾಮಾನ್ಯ ಪರದೆಯ ಮೇಲೆ ಅದು ಸುಮಾರು 2 ಮಿಲಿಮೀಟರ್. 400%ರಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮೌಸಿನಲ್ಲಿ ಎಳೆದರೂ ಹಾಗೆಯೇ. ಕೈ ಒಂದೇ, ನಡುಕವೂ ಒಂದೇ. ದೂರದಿಂದ ಎಳೆದರೆ ಒಂದು ಹೆಸರು ಪಕ್ಕದ ಮನೆಯ ಕವಲಿಗೆ ಹೋಗಿ ಕೂರಬಹುದು. ಹತ್ತಿರದಿಂದ ಎಳೆದರೆ ಕೂದಲೆಳೆಯಷ್ಟು ಮಾತ್ರ ಸರಿಯುತ್ತದೆ. ಕುಟುಂಬದ ಮರದಲ್ಲಿ ಅದು ಸಣ್ಣ ವಿಷಯವಲ್ಲ. ಒಬ್ಬರ ಮಗಳು ಇನ್ನೊಬ್ಬರ ಮಗಳಾಗಿಬಿಡುತ್ತಾಳೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ.

ನಮಗೆ ಆಧಾರವಾಗಿ ಸಿಕ್ಕಿದ್ದು ಉಮ್ಮನ ಮಾಮ ಒಬ್ಬರು ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕ. ಅದರ ಹಿಂದಿನ ಪುಟಗಳಲ್ಲಿ ಅವರು ಕುಟುಂಬದ ಹೆಸರುಗಳನ್ನು ಬರೆದಿದ್ದರು. ನೀಲಿ ಶಾಯಿ, ಚೆಂದದ ಕನ್ನಡ ಅಕ್ಷರ. ಮೊದಲು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಹಾಳೆಗೆ ತರುವುದು, ಆಮೇಲೆ ಒಂದೊಂದೇ ಕವಲನ್ನು ಹಿರಿಯರ ಎದುರು ಕೂತು ಪರೀಕ್ಷಿಸುವುದು ಎಂದು ನಾವು ಮಾತಾಡಿಕೊಂಡಿದ್ದೆವು. ಮೊದಲ ಹಂತ ಮುಗಿದ ದಿನ 5 ಒತ್ತಿ ಪೂರ್ತಿ ಮರದ ಚಿತ್ರ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆವು. ಮಾಷಾ ಅಲ್ಲಾಹ್, ಬಹಳ ಚೆನ್ನಾಗಿದೆ ಎಂದು ಹತ್ತಾರು ಮೆಸೇಜ್ ಬಂತು. ಎರಡೂ ಬದಿ ಸಮವಾಗಿ ಹರಡಿದ ಮರ, ಹಸಿರು ಎಲೆಗಳು, ಎಲ್ಲ ಪೆಟ್ಟಿಗೆಗಳೂ ಒಂದೇ ಅಳತೆ. ಯಾರಿಗೂ ಏನೂ ಕೊರತೆ ಕಾಣಲಿಲ್ಲ. 12%ರಲ್ಲಿ ಕಾಣುವುದಕ್ಕೆ ಸಾಧ್ಯವೂ ಇರಲಿಲ್ಲ. ಅಷ್ಟು ದೂರದಿಂದ ಹೆಸರಿರುವ ಪೆಟ್ಟಿಗೆಯೂ ಹೆಸರಿಲ್ಲದ ಪೆಟ್ಟಿಗೆಯೂ ಒಂದೇ ಹಾಗೆ.

ಎರಡನೇ ಹಂತಕ್ಕೆ ಉಮ್ಮಾಮನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಅಕ್ಕನ ಮಗಳು ಒಂದು ಕವಲನ್ನು ಆಯ್ದು 3 ಒತ್ತುವುದು, ಓದುವುದು, ಉಮ್ಮಾಮ ಹೂಂ ಎನ್ನುವುದು, ಮುಂದಿನದಕ್ಕೆ ಹೋಗುವುದು. ಉಮ್ಮಾಮನ ಸ್ವಂತ ತಲೆಮಾರಿನ ಕವಲು ಬಂತು. ನಾಲ್ಕು ಗಂಡುಮಕ್ಕಳ ಹೆಸರು ಸಾಲಾಗಿ ಓದಿದಳು. ಕೊನೆಯ ಪೆಟ್ಟಿಗೆಯಲ್ಲಿ ಪುಸ್ತಕದಲ್ಲಿ ಇದ್ದ ಹಾಗೆಯೇ ಬರೆದಿತ್ತು, "ಹೆಣ್ಣು 3".

ಅವಳು ನಿಲ್ಲಿಸಿ ಉಮ್ಮಾಮನ ಮುಖ ನೋಡಿದಳು. "ಇದರಲ್ಲಿ ಒಂದು ನೀವಲ್ವಾ?" ಎಂದು ಕೇಳಿದಳು.

"ಹೌದು ಮೋಲೆ. ಒಂದು ನಾನು. ಒಂದು ಉಳ್ಳಾಲದವಳು."

"ಮತ್ತೆ ಮೂರನೆಯವರು?"

ಉಮ್ಮಾಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಹೆಸರು ಹೇಳಿದರು. ನನ್ನ ಉಮ್ಮ ಅಡುಗೆ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು, ಅವರಿಗೂ ಆ ಹೆಸರು ಹೊಸದು. ಉಮ್ಮಾಮನಿಗಿಂತ ದೊಡ್ಡವರು. ಮದುವೆಯಾಗಿ ಒಂದು ವರ್ಷಕ್ಕೆ ಮೊದಲ ಹೆರಿಗೆಯಲ್ಲಿ ತೀರಿಹೋದವರು. ಮಗುವೂ ಉಳಿಯಲಿಲ್ಲ. ತಲೆಗೆ ಎಣ್ಣೆ ಹಾಕಿ ಜಡೆ ಹೆಣೆಯುತ್ತಿದ್ದದ್ದು ಅವಳೇ, ನನಗೆ ಓದಲು ಕಲಿಸಿದ್ದೂ ಅವಳೇ ಎಂದರು ಉಮ್ಮಾಮ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯ ಗೋಡೆಯಲ್ಲಿ ಉಂಟು.

ಪುಸ್ತಕ ಬರೆದ ಹಿರಿಯರನ್ನು ನಾನು ದೂರುವುದಿಲ್ಲ. ಅವರ ಕಾಲದಲ್ಲಿ ಆಸ್ತಿ, ಪಾಲು, ಮನೆ ಹೆಸರು ಇವೆಲ್ಲದರ ಲೆಕ್ಕಕ್ಕೆ ಬೇಕಾದದ್ದನ್ನು ಬರೆದರು. ಹೆಣ್ಣುಮಕ್ಕಳನ್ನು ಅವರು ಮರೆಯಲಿಲ್ಲ, ಎಣಿಸಿದ್ದಾರೆ. ಮೂರು ಎಂಬ ಅಂಕಿ ಸರಿಯಾಗಿಯೇ ಇತ್ತು. ಅಷ್ಟು ದೂರದಿಂದ ನೋಡಿದರೆ ಸಾಕು ಎಂದು ಅವರಿಗೆ ಅನ್ನಿಸಿರಬೇಕು. ಆದರೆ ಆ ಅಂಕಿಯಿಂದ ಹೆಸರಿಗೆ ಹೋಗುವ ದಾರಿ ಈಗ ಒಬ್ಬರ ನೆನಪಿನಲ್ಲಿ ಮಾತ್ರ ಉಳಿದಿತ್ತು. ವೆಕ್ಟರ್ ಚಿತ್ರದಲ್ಲಿ ಎಷ್ಟು ಹತ್ತಿರ ಹೋದರೂ ಗೆರೆ ಒಡೆಯುವುದಿಲ್ಲ ಎಂದೆನಲ್ಲ, ಯಾರೋ ಅಲ್ಲಿ ಬರೆದಿಟ್ಟದ್ದಕ್ಕೆ ಮಾತ್ರ ಆ ಮಾತು ಸರಿ. ಬರೆಯದೇ ಬಿಟ್ಟದ್ದನ್ನು ಯಾವ ಝೂಮೂ ತೋರಿಸುವುದಿಲ್ಲ. ಅಲ್ಲಿ ಖಾಲಿ ಉಂಟು ಎಂದು ತೋರಿಸಬಹುದು, ಅಷ್ಟೇ. ತುಂಬಿಸಬೇಕಾದರೆ ಪಕ್ಕದಲ್ಲಿ ಕೂತವರನ್ನು ಕೇಳಬೇಕು.

ಆಮೇಲೆ ಉಳಿದ ಕವಲುಗಳನ್ನೂ ಹಾಗೆಯೇ ನೋಡಿದೆವು. ಬೇರೆ ತಲೆಮಾರುಗಳಲ್ಲೂ "ಹೆಣ್ಣು 2", "ಹೆಣ್ಣು 4" ಇದ್ದವು. ಉಮ್ಮಾಮನಿಗೆ ಗೊತ್ತಿದ್ದದ್ದನ್ನು ಹೇಳಿದರು. ಉಳಿದದ್ದಕ್ಕೆ ಉಳ್ಳಾಲದ ತಂಗಿಗೆ ವಿಡಿಯೋ ಕಾಲ್. ಇಬ್ಬರು ಮುದುಕಿಯರು ಎರಡು ಫೋನಿನಲ್ಲಿ ಕೂತು, ನೀನು ಹೇಳಿದ್ದು ಸರಿಯಲ್ಲ ನಾನು ಹೇಳಿದ್ದು ಸರಿ ಎಂದು ಜಗಳವಾಡುತ್ತಾ ಹತ್ತೊಂಬತ್ತು ಹೆಸರು ಕೊಟ್ಟರು.

ಆಗ ಒಬ್ಬರು ಹಿರಿಯರಿಂದ ಆಕ್ಷೇಪ ಬಂತು. ಮಕ್ಕಳಿಲ್ಲದೆ ತೀರಿಹೋದವರಿಗೂ ಪೆಟ್ಟಿಗೆ ಹಾಕುತ್ತಾ ಹೋದರೆ ಹಾಳೆ ಸಾಕಾಗುವುದಿಲ್ಲ, ಮರದ ಚೆಂದ ಹಾಳಾಗುತ್ತದೆ, ಅಕ್ಷರ ಸಣ್ಣದಾದರೆ ಯಾರು ಓದುತ್ತಾರೆ ಎಂದು. ಅವರ ಮಾತಿನಲ್ಲಿ ಅರ್ಥವಿತ್ತು. ಜಾಗ ನಿಜಕ್ಕೂ ಬಿಗಿಯಾಗಿತ್ತು. ಒಂದು ಕವಲನ್ನು ಹತ್ತಿರದಿಂದ ಸರಿ ಮಾಡಿದರೆ ಪಕ್ಕದ ಕವಲಿಗೆ ತಾಗುತ್ತಿತ್ತು, ದೂರ ಬಂದು ನೋಡಿದರೆ ಮಾತ್ರ ಅದು ಗೊತ್ತಾಗುತ್ತಿತ್ತು.

ಇಲ್ಲಿ ಇಂಕ್‌ಸ್ಕೇಪಿನ ಒಂದು ಸೌಕರ್ಯ ಕೈಹಿಡಿಯಿತು. ವ್ಯೂ ಮೆನುವಿನಲ್ಲಿ ಡುಪ್ಲಿಕೇಟ್ ವಿಂಡೋ ಎಂದಿದೆ. ಅದೇ ಫೈಲಿಗೆ ಎರಡನೇ ಕಿಟಕಿ ತೆರೆಯುತ್ತದೆ. ಒಂದರಲ್ಲಿ ಪೂರ್ತಿ ಮರ ಇಟ್ಟುಕೊಂಡು, ಇನ್ನೊಂದರಲ್ಲಿ ಒಂದೇ ಕವಲಿನ ಹತ್ತಿರ ಹೋಗಬಹುದು. ಇಲ್ಲಿ ಸರಿಸಿದ್ದು ಅಲ್ಲಿ ಕೂಡಲೇ ಕಾಣುತ್ತದೆ. ಪರದೆಯ ಎಡಕ್ಕೆ ದೂರದ ನೋಟ, ಬಲಕ್ಕೆ ಹತ್ತಿರದ ನೋಟ ಇಟ್ಟುಕೊಂಡು ಆ ಹಿರಿಯರನ್ನೇ ಕರೆದು ಕೂರಿಸಿದೆವು. ಎಲೆಗಳ ಅಲಂಕಾರ ಸ್ವಲ್ಪ ತೆಗೆದೆವು. ಬದಿಯಲ್ಲಿದ್ದ ಹೂವಿನ ಬಳ್ಳಿ ತೆಗೆದೆವು. ಮೇಲಿನ ತಲೆಬರಹ ಒಂದು ಸಾಲು ಕಡಿಮೆಯಾಯಿತು. ಅಕ್ಷರದ ಅಳತೆ ಇಳಿಸದೆಯೇ ಹತ್ತೊಂಬತ್ತು ಪೆಟ್ಟಿಗೆಗಳಿಗೂ ಜಾಗವಾಯಿತು. ಅವರು ತುಂಬ ಹೊತ್ತು ಎಡಕ್ಕೂ ಬಲಕ್ಕೂ ನೋಡಿದರು. ಸರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ತೀರಿಹೋದ ಆ ಹುಡುಗಿಯನ್ನು ಯಾವ ಮನೆಗೆ ಕೊಟ್ಟಿದ್ದರು ಎಂಬುದನ್ನು ಹೇಳಿದರು. "ಗಂಡನ ಹೆಸರೂ ಬರೆದುಕೊಳ್ಳಿ ಮೋನೆ" ಎಂದು ಆ ಹೆಸರನ್ನೂ ಕೊಟ್ಟರು.

ಅಚ್ಚಿಗೆ ಕೊಡುವ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ಪರದೆಯಲ್ಲಿ 100% ಎಂದು ಬರೆದಿದ್ದರೂ ಅದು ಸ್ಕೇಲ್ ಹಿಡಿದರೆ ಸರಿಯಾಗಿಯೇ ಇರಬೇಕೆಂದಿಲ್ಲ. ಒಂದೊಂದು ಪರದೆಯ ಚುಕ್ಕಿ ಒಂದೊಂದು ಅಳತೆ. ಇಂಕ್‌ಸ್ಕೇಪಿನ ಪ್ರಿಫರೆನ್ಸಸ್‌ನಲ್ಲಿ ಇದನ್ನು ಸರಿಪಡಿಸಲು ಒಂದು ಸ್ಕೇಲ್ ಕೊಟ್ಟಿದ್ದಾರೆ. ನಮ್ಮ ಕೈಯಲ್ಲಿರುವ ಶಾಲೆಯ ಸ್ಕೇಲನ್ನು ಪರದೆಗೆ ಹಿಡಿದು ಎರಡೂ ಸಮವಾಗುವಂತೆ ಮಾಡಿದರೆ, ಆಮೇಲೆ 1 ಒತ್ತಿದಾಗ ಕಾಣುವುದು ಫ್ಲೆಕ್ಸಿನಲ್ಲಿ ಬರುವ ಅಳತೆಯೇ. ಹಾಗೆ ಮಾಡಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಉಮ್ಮಾಮನನ್ನು ನಾಲ್ಕು ಅಡಿ ದೂರದ ಕುರ್ಚಿಯಲ್ಲಿ ಕೂರಿಸಿ ಓದಲು ಹೇಳಿದೆವು. ಕನ್ನಡ ಓದಿದರು. ಕೆಳಗಿನ ಮಲಯಾಳದ ಸಾಲು ಯಾರಿಗೂ ಕಾಣುವಷ್ಟು ದೊಡ್ಡದಿರಲಿಲ್ಲ, ಅದನ್ನು ಎರಡು ಅಂಶ ಹೆಚ್ಚಿಸಿದೆವು. ನಮ್ಮ ಕಣ್ಣಿಗೆ 200%ರಲ್ಲಿ ಎಷ್ಟು ಚೆಂದ ಕಂಡರೂ, ಗೋಡೆಯ ಎದುರು ನಿಲ್ಲುವವರಿಗೆ ಚಕ್ರ ತಿರುಗಿಸಲು ಮೌಸ್ ಇರುವುದಿಲ್ಲ.

ಸಂಗಮದ ದಿನ ಮಕ್ಕಳು ತಮ್ಮ ಹೆಸರು ಹುಡುಕಿದರು, ಫೋಟೋ ತೆಗೆದರು. ನಮ್ಮ ಉಮ್ಮಂದಿರ ವಯಸ್ಸಿನ ಹೆಂಗಸರು ಮಾತ್ರ ಹೆಚ್ಚು ಹೊತ್ತು ನಿಂತರು. ಅವರು ಹುಡುಕುತ್ತಿದ್ದದ್ದು ತಮ್ಮ ಹೆಸರನ್ನಲ್ಲ, ತಮ್ಮ ಉಮ್ಮನ ಹೆಸರನ್ನು, ಅವರ ಅಕ್ಕತಂಗಿಯರ ಹೆಸರನ್ನು. ಕೆಲವರು ಬೆರಳಿಟ್ಟು ಓದಿದರು.

ನಿಮ್ಮ ಮನೆಯಲ್ಲೂ ಇಂಥದೊಂದು ಪುಸ್ತಕವೋ ಚೀಟಿಯೋ ಇರಬಹುದು. ಮರ ಬಿಡಿಸಲು ಶುರು ಮಾಡುವ ಮೊದಲು ಅದರಲ್ಲಿ ಹೆಸರಿನ ಬದಲು ಅಂಕಿ ಬರೆದ ಸಾಲುಗಳು ಎಷ್ಟು ಉಂಟು ಎಂದು ನೋಡಿ. ಇಂಕ್‌ಸ್ಕೇಪೋ ಕೋರೆಲ್ಲೋ ಯಾವಾಗ ಬೇಕಾದರೂ ಕಲಿಯಬಹುದು, ಕೀಲಿಗಳು ಎಲ್ಲಿಗೂ ಹೋಗುವುದಿಲ್ಲ. ಆ ಅಂಕಿಗಳನ್ನು ಹೆಸರಾಗಿ ಹೇಳಬಲ್ಲವರ ಹತ್ತಿರ ಮೊದಲು ಹೋಗಿ, ಈ ವಾರವೇ ಹೋಗಿ.